ಏಳನೆಯ ಹಲಗೆಯ ಗಂಟು

ಉಳಿ ಕೆಳಗಿಡು ಜೋಸ್ಲಾನ್, ಕೂತುಕೋ.
ಮರದ ತೂತಿಗೆ ಮೇಣ ಮೆತ್ತುತ್ತಿದ್ದೆ, ಕಂಡೆ.
ಬೈಯುವುದಿಲ್ಲ. ಒಂದು ಹಡಗಿನ ಮಾತು ಹೇಳುತ್ತೇನೆ.

ಹೆಸರು ಬೆಲ್ ತಾಂತ್, ಅಂದರೆ ಚೆಲುವೆ ಅತ್ತೆ.
ದುಡ್ಡು ಹಾಕಿದ ವಿಧವೆ ಮದಾಂ ಪೊರಿಯೆ
ಒಡೆಯನ ಸೋದರತ್ತೆ; ಚೆಲುವೆಯೇನಲ್ಲ,
ಮೂಗಿನ ತುದಿಗೆ ನಶ್ಯ, ಸೊಂಟಕ್ಕೆ ಬೀಗದಕೈ ಗೊಂಚಲು.
ಸ್ಯಾಂ ಮಾಲೋದ ಕೋಟೆಗೋಡೆಯ ಕೆಳಗೆ
ಹದಿನೆಂಟರ ನಾನು ಬಲಮಗ್ಗುಲಿಗೆ ಹಲಗೆ ಹೊಡೆದೆ.
ಏಳನೆಯದು, ನೀರಗೆರೆಗೆ ಒಂದು ಗೇಣು ಮೇಲೆ:
ಅದರಲ್ಲೊಂದು ಗಂಟು, ಕೊಳೆತದ್ದು,
ಹೆಬ್ಬೆರಳು ಹೋಗುವಷ್ಟು.
ಹೇಳಿದ್ದರೆ ಹಲಗೆಯ ಬೆಲೆ ನನ್ನ ಕೂಲಿಯಲ್ಲಿ ಮುರಿಯುತ್ತಿದ್ದರು.
ಗರಗಸದ ಹುಡಿ, ಡಾಂಬರು, ಒಂದಿಷ್ಟು ಉಗುಳು.
ಮುಚ್ಚಿದೆ. ಮೇಲೆ ಬಣ್ಣ ಬಿತ್ತು.
ಪಾದ್ರಿ ನೀರು ಚಿಮುಕಿಸಿದರು, ಆ ಗಂಟಿನ ಮೇಲೂ.

ಚಕ್ರವರ್ತಿಯ ಮೊಹರಿತ್ತು, ಆದ್ದರಿಂದ ಅದು ಕಳ್ಳತನವಲ್ಲ;
ಮೊಹರಿಲ್ಲದವನಿಗೆ ನೇಣು, ಇದ್ದವನಿಗೆ ಪಾಲು.
ಎರಡು ವರ್ಷ ಅತ್ತೆಯ ಕಾಲ.
ಸಕ್ಕರೆ ಹಡಗು ಎರಡು, ಉಪ್ಪುಮೀನಿನದೊಂದು,
ಗೋಡೆ ಗಡಿಯಾರ ಹೊತ್ತದ್ದೊಂದು.
ಆ ಚಳಿಗಾಲ ಊರಿನ ಅಡುಗೆಮನೆಗಳಲ್ಲೆಲ್ಲ
ಇಂಗ್ಲಿಷ್ ಗಂಟೆ ಬಡಿಯಿತು,
ಒಂದಕ್ಕೂ ಇನ್ನೊಂದರ ಜತೆ ತಾಳವಿಲ್ಲ.
ಅವಳು ಕಡಲಿಗಿಳಿದಾಗಲೆಲ್ಲ ನನಗೆ ನಿದ್ದೆ ಇಲ್ಲ.

ಆಮೇಲೆ ಉಶಾಂತ್ ದ್ವೀಪದಾಚೆ, ಒಂದು ಮಾರ್ಚ್ ಬೆಳಗ್ಗೆ,
ಒಂಬತ್ತು ಗಂಟೆಯ ಅಟ್ಟಾಟ.
ಕಪ್ತಾನ ಲೆ ಗೊಆಝು ಫಿರಂಗಿ ಎಸೆದ, ನೀರಿನ ಪೀಪಾಯಿ ಎಸೆದ,
ಕೊನೆಗೆ ಅಡುಗೆಯ ಒಲೆಯನ್ನೂ ಎಸೆದನಂತೆ.
ಗಾಳಿಯೇ ಬಿದ್ದಮೇಲೆ ಹಗುರಾಗಿ ಏನು?
ಸುದ್ದಿ ಬಂದಾಗ ಊರು ಅತ್ತಿತು. ನಾನೂ ಅತ್ತೆ,
ನೀರು ನುಗ್ಗಿದ್ದು ನನ್ನ ಗಂಟಿನಿಂದಲೋ ಎಂದು.

ಪ್ಲಿಮತ್ತಿನ ಕಾಫಿ ಅಂಗಡಿಯಲ್ಲಿ ಹರಾಜು.
ಒಂದಂಗುಲ ಮೇಣದಬತ್ತಿ ಹಚ್ಚಿಡುತ್ತಾರೆ,
ಅದು ಆರುವ ಮುಂಚಿನ ಕೊನೆಯ ಕೂಗಿಗೆ ಹಡಗು.
ಕೊಂಡವನೊಬ್ಬ ಎಣ್ಣೆ ವ್ಯಾಪಾರಿ. ಇನ್ನು ಸೊಸೆಯ ಕಾಲ:
ಹೊಸ ಹೆಸರು ಪ್ರೂಡೆನ್ಸ್, ಹಳೆಯ ಕಸುಬು,
ಬೇರೆ ದೊರೆಯ ಮೊಹರು.
ನಮ್ಮ ಕಾಂಕಾಲಿನ ಸಿಂಪಿ ದೋಣಿಗಳನ್ನೇ ಬೆನ್ನಟ್ಟಿದಳು.
"ತವರಿಗೇ ಕನ್ನ ಹಾಕಿದಳು" ಅಂದಳು ಮದಾಂ, ನಶ್ಯ ಏರಿಸುತ್ತ.
ಮರಕ್ಕೆ ಯಾವ ತವರು, ಹೇಳು?

ನಾನು ಸೆರೆ ಸಿಕ್ಕಿದ್ದು ಇನ್ನೊಂದು ಹಡಗಿನಲ್ಲಿ, ಅದು ಬೇರೆ ಕತೆ.
ಮೆಡ್ವೆ ನದಿಯ ಕೆಸರು, ಕೈದಿಗಳ ಹಡಗು, ಮೂರನೆಯ ವರ್ಷ ಜ್ವರ.
ಜ್ವರದವರಿಗೆ ಪಕ್ಕದಲ್ಲೊಂದು ಚಿಕ್ಕದು,
ಕೂವೆಮರ ಕಡಿದ, ಬೆನ್ನು ಬಾಗಿದ ಮುದುಕಿ.
ಬಲಮಗ್ಗುಲಿನಲ್ಲಿ ಹುಲ್ಲಿನ ಹಾಸಿಗೆ ಕೊಟ್ಟರು.
ರಾತ್ರಿ ಗೋಡೆ ತಡವಿದೆ. ಬೆರಳಿಗೆ ಗೊತ್ತಾಯಿತು, ನನಗಿನ್ನೂ ಇಲ್ಲ:
ಈ ಬಾಚಿಯ ಏಟು ಎಡಚನದು.
ಎಣಿಸಿದೆ. ಐದು. ಆರು.

ಹೆಬ್ಬೆರಳಷ್ಟು ಗಂಟು ಸಾಕು ಜೋಸ್ಲಾನ್.
ಒಂದು ಚಮಚ, ಹತ್ತು ರಾತ್ರಿ, ತೂತು ಬೆಳೆಯುತ್ತದೆ;
ಆಚೆ ಕೆಸರು, ಕೆಸರಿನಾಚೆ ಹುಲ್ಲು.
ಪಕ್ಕದಲ್ಲಿ ಮಲಗಿದ್ದ ಹುಡುಗ ಎವೆನ್‌ಗೆ ಹೇಳಿಯೂಬಿಟ್ಟೆ,
ನನ್ನ ಮೋಸ ನಮ್ಮನ್ನು ಮನೆ ಮುಟ್ಟಿಸುತ್ತದೆ ಅಂತ.

ಅಲ್ಲಿ ಗಂಟಿರಲಿಲ್ಲ.
ಚೌಕವಾಗಿ ಕತ್ತರಿಸಿ ತೆಗೆದ ಜಾಗ,
ಅದರಲ್ಲಿ ಕೂರಿಸಿದ ಹೊಸ ಓಕ್, ಎಳೆಗೆ ಎಳೆ ಹೊಂದಿಸಿ,
ನಾಲ್ಕು ಮರದ ಮೊಳೆ, ಉಗುರೂ ತೂರದ ಸಂದು.
ಯಾರೋ ಇಂಗ್ಲಿಷಿನವನು. ಯಾರೂ ನೋಡದ ಕತ್ತಲಲ್ಲಿ,
ಹೆಚ್ಚಿನ ಕೂಲಿ ಸಿಕ್ಕಿತೋ ಇಲ್ಲವೋ.

ಎವೆನ್ ಗೋಡೆಗೆ ಮುಖ ಮಾಡಿದ.
ನಾನು ಆ ಚೌಕದ ಮೇಲೆ ಅಂಗೈಯಿಟ್ಟು ಮಲಗಿದೆ.
ನನಗೆ ಬೀಗ ಜಡಿದದ್ದು ಆ ಕೈ,
ಅಷ್ಟು ವರ್ಷ ಅವಳನ್ನು ತೇಲಿಸಿದ್ದೂ ಅದೇ.
ಎವೆನ್ ಮನೆ ಮುಟ್ಟಲಿಲ್ಲ.
ಇದನ್ನು ಎಲ್ಲಿ ಇಡಬೇಕೋ ನನಗೆ ಇವತ್ತಿಗೂ ತಿಳಿಯದು.

ಯುದ್ಧ ಮುಗಿದಮೇಲೆ ಅವಳನ್ನು ಒಡೆದರಂತೆ.
ಹಲಗೆಗಳು ಯಾರ ಹಂದಿಗೂಡಿಗೆ ಹೋದವೋ;
ಆ ಚೌಕ ಮಾತ್ರ ಬಿಟ್ಟಿರಲಾರದು, ಪಣ.

ತಗೋ ಉಳಿ.
ಆ ಮೇಣ ಕೆರೆದು ತೆಗೆ.