ಆಷಾಢ ಬಹುಳ ಪಂಚಮಿ

ಕಲ್ಲನ್ನು ಮೊದಲು ಮೀಯಿಸಬೇಕು, ಎಮ್ಮೆ ಮೀಯಿಸಿದ ಹಾಗೆ.
ತೆಂಗಿನ ನಾರು, ಎರಡು ಕೊಡ ನೀರು,
ಆಮೇಲೆ ಒದ್ದೆ ಕಾಗದ, ಬ್ರಷ್ಷಿನ ಪೆಟ್ಟು.
ಪೆಟ್ಟು ಅಂದರೆ ಪೆಟ್ಟಲ್ಲ,
ಕೂಸಿನ ಬೆನ್ನು ತಟ್ಟುವಷ್ಟು.
ಹುಸೇನಪ್ಪ ಮಸಿಯ ಬಟ್ಟೆಯುಂಡೆ ಕೊಡುತ್ತಾನೆ.
ಮಸಿ ತಾಗಿದ್ದೆಲ್ಲ ಬರೀ ಕಲ್ಲು;
ತಾಗದೆ ಉಳಿದ ಬಿಳಿಯೇ ಅಕ್ಷರ.
ಮೂವತ್ತೊಂದು ವರ್ಷ ಇದೇ ನನ್ನ ನೌಕರಿ:
ತಾಗದೆ ಉಳಿದದ್ದನ್ನು ಸುರುಳಿ ಸುತ್ತಿ
ಮೈಸೂರಿಗೆ ಕಳಿಸುವುದು.

ಮುದಗಲ್ಲಿಗೆ ಎರಡು ಹರದಾರಿ ಈ ಊರು.
ಹಳ್ಳದ ಆಚೆ ದಳವಾಯಿ ಬೊಮ್ಮರಸನ ಕಲ್ಲು,
ಈಚೆ ಕಿಲ್ಲೇದಾರ ಯಾಕೂತ ಖಾನನ ಕಲ್ಲು,
ಮೇಲೆ ಫಾರ್ಸಿ, ಕೆಳಗೆ ನಮ್ಮ ಅಕ್ಷರ.
ಒಬ್ಬ ಮುತ್ತಿದವನು, ಒಬ್ಬ ಒಳಗಿದ್ದವನು.
ಇಬ್ಬರೂ ಸತ್ತದ್ದು
ಪ್ಲವಂಗ ಸಂವತ್ಸರ, ಆಷಾಢ ಬಹುಳ ಪಂಚಮಿ, ಮಂಗಳವಾರ.

ಇಷ್ಟು ಸಾಕಿತ್ತು ಊರಿಗೆ.
ಶರಣಮ್ಮನ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತ
ಒಬ್ಬ ಹೇಳಿದ: ಇಬ್ಬರೂ ಎಡಚರಂತೆ.
ಮರುವರ್ಷ ಬಂದಾಗ ಇಬ್ಬರ ಕುದುರೆಗೂ ಒಂದೊಂದೇ ಕಣ್ಣಿತ್ತು.
ಅದರ ಮರುವರ್ಷ ಇಬ್ಬರ ತಾಯಂದಿರೂ
ಒಂದೇ ಬಾವಿಯ ನೀರು ಸೇದಿದ್ದರು.
"ಸಾಯೋ ಹೊತ್ನ್ಯಾಗ ಇಬ್ಬರೂ ಒಂದೇ ಮಾತು ಅಂದ್ರಂತರೀ ಸರ."
ಏನಂತ?
"ನೀರು, ಅಂತ."
ಮಿರ್ಚಿ ತಿಂದವರೆಲ್ಲ ಹಾಗೇ ಅನ್ನುತ್ತಾರೆ ಅಂದೆ.
ಯಾರೂ ನಗಲಿಲ್ಲ.

ನಾನೇನು ಕಡಿಮೆಯವನಲ್ಲ.
ಕಲಬುರಗಿಯ ಪ್ರೊಫೆಸರು ಇದನ್ನು "ವಿಧಿಯ ಕೈಬರಹ" ಅಂತ ಬರೆದಾಗ
ಆ ಸಾಲಿನ ಕೆಳಗೆ ಪೆನ್ಸಿಲ್ಲಿನ ಗೆರೆ ಎಳೆದವನು.
ಪ್ರವಾಸಿ ಮಂದಿರದಲ್ಲಿ ಕರೆಂಟು ಹೋದ ಒಂದು ರಾತ್ರಿ
ಎರಡೂ ಅಚ್ಚು ಒಂದರ ಮೇಲೊಂದು ಹಿಡಿದು
ಕಂದೀಲಿಗೆ ಒಡ್ಡಿದ್ದೆ.
ಪಂಚಮಿಯ ಮೇಲೆ ಪಂಚಮಿ ಕೂತು
ಎರಡೂ ಬಿಳಿಯ ಒಳಗಿಂದ ಬೆಳಕು ಬಂತು.
"ಮ"ದ ಬಾಲ ಕೂಡ ಒಂದೇ ಕಡೆ ಕೊಂಕು.
ಬಾಲ ನೋಡಿದೆ. ಕೈ ನೋಡಲಿಲ್ಲ.

ಈ ಸಲ ಬಂದದ್ದು ಬೇರೆ ಕೆಲಸಕ್ಕೆ.
ಬಡಿಗೇರ ಈರಮ್ಮ ಬಚ್ಚಲು ಕೀಳಿಸುತ್ತಿದ್ದಳು,
ಅರಿವಿ ಒಗೆಯುವ ಕಲ್ಲು ಮಗುಚಿದರೆ ಅಡಿಯಲ್ಲಿ ಅಕ್ಷರ.
ಮೊಳದುದ್ದ ಇಲ್ಲ. ಸೂರ್ಯ ಇಲ್ಲ, ಚಂದ್ರ ಇಲ್ಲ, ಬಿರುದು ಇಲ್ಲ.
ಹತ್ತಿದ ಮಣ್ಣು ಬಿಡಿಸಲಿಕ್ಕೇ ಮಧ್ಯಾಹ್ನವಾಯಿತು.
ಕಾಗದ ಹಚ್ಚಿ, ತಟ್ಟಿ, ಮಸಿ ಕೊಟ್ಟೆ.

ಕಲ್ಲುಕುಟಿಗ ಸಿಂಗೋಜನ ಮಗಳು ನಾಗವ್ವೆ
ಐದು ವರುಷದಾಕೆ
ಪ್ಲವಂಗ ಸಂವತ್ಸರ, ಆಷಾಢ ಬಹುಳ ಪಂಚಮಿ, ಮಂಗಳವಾರ

ಹುಸೇನಪ್ಪನಿಗೆ ಓದು ಬಾರದು. ಮೊದಲು ಕಂಡವನು ಅವನೇ.
"ಆ ಎರಡೂ ಕಲ್ಲಿನವನ ಕೈಯಲ್ಲೇನ್ರೀ ಇದು?"

ದಳವಾಯಿ ಯಾವತ್ತು ಸತ್ತನೋ, ಖಾನ ಯಾವತ್ತೋ,
ತಿಥಿ ಬರೆದುಕೊಡಲು ಕರಣಿಕರು ಮರೆತರೋ,
ಸಿಂಗೋಜನ ಉಳಿಗೆ
ಬರುತ್ತಿದ್ದದ್ದು ಒಂದೇ ದಿನವೋ.
ಅಥವಾ ಮೂವರೂ ನಿಜವಾಗಿ ಅದೇ ಮಂಗಳವಾರ ಹೋದರೋ,
ವಾಂತಿಭೇದಿಗೆ ಕೋಟೆಯ ಒಳಗು ಹೊರಗು ಗೊತ್ತಿಲ್ಲವಲ್ಲ.
ಹಾಗಾದರೆ ಅವನು ಮೊದಲು ಕೊರೆದದ್ದು ಯಾವ ಕಲ್ಲು?
ದುಡ್ಡು ಕೊಟ್ಟವರದೇ ಇರಬೇಕು.
ಉಳಿದ ಚೂರಿನಲ್ಲಿ ಮಗಳದು.

ಪ್ರೊಫೆಸರಿಗೆ ಕಾಗದ ಬರೆಯಬೇಕು.
ಶರಣಮ್ಮನ ಹೋಟೆಲಿಗೆ ಹೇಳುವುದೋ ಬೇಡವೋ ತಿಳಿಯುತ್ತಿಲ್ಲ;
ಹೇಳಿದರೆ ಮುಂದಿನ ವರ್ಷಕ್ಕೆ
ಆ ಹುಡುಗಿಗೂ ಒಂದು ಕುದುರೆ ಬಂದೀತು.
ಬರಲಿ ಬಿಡಿ, ಅನ್ನಿಸಿತು ಒಂದು ಗಳಿಗೆ.

ಅಚ್ಚು ಬಿಸಿಲಿಗೆ ಒಣಗುತ್ತಿತ್ತು.
ಈರಮ್ಮ ಬುಟ್ಟಿ ತುಂಬ ಅರಿವಿ ಹೊತ್ತು ಕಾಯುತ್ತ ನಿಂತಿದ್ದಳು.
"ಮುಗೀತೇನ್ರೀ? ಕಲ್ಲು ಕೊಡ್ರಿ.
ಅಕ್ಷರ ಕೆಳಗ ಮಾಡಿ ಇಡ್ರಿ ಮತ್ತ,
ಇಲ್ಲಂದ್ರ ಸವದು ಹೋಗ್ತಾವ."