ಕಾರಿಗೊಂದು ಗುಂಡಿ

ಮೊದಲು ಬೇಕಾದ್ದು ಹತ್ತನೇ ನಂಬರಿನ ಸ್ಪ್ಯಾನರು.
ಅದು ಯಾರ ಮನೆಯಲ್ಲೂ ಇರುವುದಿಲ್ಲ.
ಎಂಟು ಇರುತ್ತದೆ, ಹನ್ನೆರಡು ಇರುತ್ತದೆ,
ಹತ್ತನ್ನು ಮಾತ್ರ ಯಾರೋ ಒಯ್ದಿರುತ್ತಾರೆ,
ಒಯ್ದವರಿಂದ ಇನ್ಯಾರೋ.
ಶಿಡ್ಲಘಟ್ಟದ ಅಷ್ಟೂ ಹತ್ತನೇ ನಂಬರುಗಳು
ಎಲ್ಲೋ ಒಂದು ಕಡೆ ಸೇರಿ
ಸಂಘ ಕಟ್ಟಿಕೊಂಡಿರಬೇಕು.

ನನ್ನದು ತೊಂಬತ್ತೆಂಟರ ಮಾರುತಿ.
ಗೂಡಿನ ಮಾರುಕಟ್ಟೆಯಲ್ಲಿ ತೂಕದ ಚೀಟಿ ಬರೆದು ಬರೆದು
ಕೊಂಡದ್ದು, ಮೂರನೆಯ ಕೈ.
"ಗುಜರಿಗೆ ಹಾಕಿ ಮೇಡಂ" ಅಂದ ಮೆಕ್ಯಾನಿಕ್ಕು
ಬಾನೆಟ್ಟು ಎತ್ತದೆಯೇ,
ನಾಡಿ ಹಿಡಿಯದೆ ಚಟ್ಟಕ್ಕೆ ಅಳತೆ ತೆಗೆದ ಹಾಗೆ.
ಅವತ್ತೇ ಜ್ಯಾಕು ಕೊಂಡೆ.

ಜ್ಯಾಕು ಕೊಳ್ಳಬಹುದು. ಜಾಗ?
ಮನೆ ಮುಂದೆ ಇಳಿಜಾರು;
ಕಲ್ಲು ಕೊಟ್ಟರೂ ಕಾರು ಮೆಲ್ಲಗೆ ತೆವಳಿ
ಎದುರುಮನೆ ರಂಗೋಲಿ ತುಳಿಯಿತು.
ಕೆರೆ ಏರಿಯ ಹುಣಸೆಮರದಡಿ ನೆರಳಿತ್ತು,
ನೆರಳಿನ ಜೊತೆ ಸಲಹೆಗಾರರು, ಏಳು ಮಂದಿ.
"ನಿಮಗ್ಯಾಕಮ್ಮ ಇದು" ಒಬ್ಬ,
"ಎಡಕ್ಕೆ ತಿರುಗಿಸಿ" ಇನ್ನೊಬ್ಬ,
ಬಲಕ್ಕೆ ಅಂದವನು ಬೀಡಿ ಹಚ್ಚಿದ.
ಬಿದ್ದ ನಟ್ಟು ಹುಡುಕಲು
ಒಂದು ಸೊಂಟವೂ ಬಗ್ಗಲಿಲ್ಲ.

ಕೊನೆಗೆ ಮೆಹರುನ್ನೀಸಾ ಆಪಾ.
ಅವರ ರೀಲಿಂಗ್ ಶೆಡ್ಡು ಮುಚ್ಚಿ ನಾಲ್ಕು ವರ್ಷ.
ಬಾಗಿಲು ತೆರೆದರೆ ಈಗಲೂ ಬೆಂದ ಹುಳುವಿನ ವಾಸನೆ,
ಎರಡು ಸಲ ಸುಣ್ಣ ಬಳಿದರೂ ಜಗ್ಗದ್ದು.
ಮೋಟಾರು ಮಾರಿದ್ದರು, ಬಾಯ್ಲರು ಮಾರಿದ್ದರು,
ಉಳಿದದ್ದು ನೆಲದಲ್ಲೊಂದು ಉದ್ದನೆಯ ಗುಂಡಿ,
ಬಿಸಿನೀರು ಬಸಿಯಲು ಅವರ ಮಾವ ತೋಡಿಸಿದ್ದು.
ಗುಂಡಿಯನ್ನು ಯಾರು ಕೊಳ್ಳುತ್ತಾರೆ?
ನಾನು ಹೆಜ್ಜೆಯಲ್ಲಿ ಅಳೆದೆ. ಮತ್ತೆ ಅಳೆದೆ.
ಎರಡು ಚಕ್ರಗಳ ನಡುವಿಗೆ
ಹೇಳಿ ಮಾಡಿಸಿದ ಹಾಗೆ.

"ಬಾಡಿಗೆ ಬೇಡ," ಅಂದರು ಆಪಾ,
"ವಿಜಯಪುರದ ತಂಗಿ ಮನೆಗೆ ಒಂದು ಸಲ ಬಿಡು.
ಓಡಿದರೆ."

ಹಳೇ ಸೀರೆಯ ಗಂಟಿನಲ್ಲಿ ಅವರ ಸಾಮಾನು:
ಹಿಡಿ ಸವೆದ ಸುತ್ತಿಗೆ, ಗ್ರೀಸು ಒಣಗಿದ ಡಬ್ಬಿ,
ರಿಂಗ್ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದಕ್ಕೆ.
ಹತ್ತು ಅಲ್ಲೂ ಇರಲಿಲ್ಲ.
ಅದು ಕಿಟಕಿಯ ಅಗುಳಿಯಾಗಿ
ಕೊಂಡಿಯಲ್ಲಿ ತೂರಿಕೊಂಡಿತ್ತು, ತುಕ್ಕು ಹಿಡಿದು.
ಎಳೆದೆ. ಕಿಟಕಿ ತೆರೆದುಕೊಂಡಿತು.
ಬೆಳಕು ಬಂತು ಎಂದು ಬರೆಯಬಹುದು;
ಬಂದದ್ದು ಧೂಳು, ಹಿಂದೆಯೇ ಒಂದು ಬೆಕ್ಕು.

ಗುಂಡಿಯಲ್ಲಿ ಕೂತು
ಮೊದಲ ಸಲ ಕಾರಿನ ಹೊಟ್ಟೆ ನೋಡಿದೆ.
ಯಾರ ಯಾರದೋ ರಸ್ತೆಗಳ ಕೆಸರು ಪದರ ಪದರವಾಗಿ,
ಹಿಂದಿನ ಎರಡು ಒಡೆಯರ ಗುಟ್ಟು,
ಅದರ ಮೇಲೆ ನನ್ನ ಆಯಿಲ್ಲು, ತೊಟ ತೊಟ.
ಬೋಲ್ಟು ಬಿಗಿ ಮಾಡಿದೆ. ನಿಂತಿತು.
ಆದರೆ ಒಳಗಿನ ಆ ಕಿರುಚಾಟ?

ಆಪಾ ಒಂದು ಕೋಲು ತಂದರು.
ಒಂದು ತುದಿ ಎಂಜಿನ್ನಿಗೆ, ಒಂದು ತುದಿ ಕಿವಿಗೆ,
ಕೋಲು ಹಿಡಿದ ಬೆರಳು ನೋಡಿದೆ:
ಮೂವತ್ತು ವರ್ಷ ಕುದಿನೀರಿನಲ್ಲಿ ಎಳೆ ಹುಡುಕಿ
ರೇಖೆಯೇ ಉಳಿಯದ ತುದಿಗಳು.
ಕಣ್ಣು ಮುಚ್ಚಿ ಹೇಳಿದರು,
"ಡೈನಮೋ. ಬೇರಿಂಗ್ ಹೋಗಿದೆ.
ನಮ್ಮ ಮೂರನೇ ಮಿಷನ್ನೂ ಹಿಂಗೇ ಅಳ್ತಿತ್ತು."

ಬಿಸ್ಕತ್ತಿನ ಡಬ್ಬಿಯಲ್ಲಿ ಹೊಸದೊಂದಿತ್ತು,
ಶೆಡ್ಡು ಮುಚ್ಚುವ ವಾರ ತಂದದ್ದು,
ಕಾಗದ ಕೂಡ ಬಿಚ್ಚಿರಲಿಲ್ಲ.
ಮೇಲಿನ ನಂಬರು ಅಳಿಸಿತ್ತು, ಅಳೆಯಲು ಸಾಧನವಿಲ್ಲ.
ಮೊಳೆಗೆ ಸಿಕ್ಕಿದ್ದ ರೇಷ್ಮೆ ನೂಲು ಹರಿದು
ಹಳೆಯದಕ್ಕೆ ಸುತ್ತಿ ಉಗುರಲ್ಲಿ ಗುರುತಿಟ್ಟರು,
ಹೊಸದಕ್ಕೆ ಸುತ್ತಿದರು,
ಬೆಳಕಿಗೆ ಹಿಡಿದರು.
ಇಬ್ಬರೂ ಉಸಿರು ಬಿಗಿ ಹಿಡಿದೆವು.

ಒಂದು ಎಳೆ ಜಾಸ್ತಿ.

ನೂಲನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ.
ಹತ್ತನೇ ನಂಬರನ್ನು ಕಿಟಕಿಗೇ ಸಿಕ್ಕಿಸಿದೆ,
ಕಳೆಯದ ಜಾಗ ಅದೊಂದೇ.
ಮಂಗಳವಾರ ಚಿಂತಾಮಣಿಗೆ ಹೋಗಬೇಕು.
ಬಸ್ಸಿನಲ್ಲಿ.