ನೀಲಿ ಒಣಗುವವರೆಗೆ

ಶೆಪ್ಪರ್ಟನ್ನಿನ ಹೊರಗೆ, ಪಿಯರ್ ತೋಟದ ಬೇಲಿಗಂಟಿದ ಗಾಲ್ಫ್ ಮೈದಾನ.
ಬೆಳಗಿನ ಐದೂವರೆ. ಅಕ್ಟೋಬರ್, ಅಂದರೆ ಇಲ್ಲಿ ವಸಂತ.
ಒಂದೆಲೆ ಅಲುಗುತ್ತಿಲ್ಲ.

ಔಷಧ ಹೊಡೆಯೋದಕ್ಕೆ ಒಳ್ಳೆಯ ದಿನ ಅಂದೆ, ಸೀಟಿಗೆ ಹತ್ತುತ್ತ.
ಇಳಿ ಕೆಳಗೆ, ಅಂದಳು ಬೆವ್.

ಬೆವ್ ಹ್ಯಾನಿಗನ್. ಮೊದಲ ದಿನ ನನ್ನ ಕಿವಿಗೆ ಬಿದ್ದದ್ದು ಬೇವು.
ಮೂವತ್ತು ವರ್ಷದಿಂದ ಇದೇ ಹುಲ್ಲು ಕಾಯುವವಳು.
ಮಾತು ಕಹಿ, ನೆರಳು ತಂಪು;
ಹಾಗಾಗಿ ನಾನು ತಿದ್ದಿಕೊಳ್ಳಲೇ ಇಲ್ಲ.

ತಗಡಿನ ಡಬ್ಬಿಯಲ್ಲಿ ಒಂದು ಹಿಡಿ ಒಣಹುಲ್ಲಿಗೆ ಕಡ್ಡಿ ಗೀರಿದಳು.
ಹೊಗೆ ಮೇಲೆ ಹೋಗಲಿಲ್ಲ.
ಮೊಣಕಾಲೆತ್ತರಕ್ಕೆ ಎದ್ದು, ಯಾರೋ ಮುಚ್ಚಳವಿಟ್ಟಂತೆ ನಿಂತು,
ಆಮೇಲೆ ಕಳ್ಳಬೆಕ್ಕಿನ ಹಾಗೆ ಪಕ್ಕಕ್ಕೆ ಸರಿದು
ಬೇಲಿ ನುಸುಳಿತು, ಜೇನುಪೆಟ್ಟಿಗೆಗಳ ಕಡೆಗೆ.

ನೋಡಿದೆಯಾ ಡುರ್ಗ್?
(ದುರುಗಪ್ಪ ಅವಳ ಬಾಯಲ್ಲಿ ಅಷ್ಟೇ ಉಳಿಯುತ್ತಾನೆ.)
ಗಾಳಿ ಸತ್ತಿದೆ ಅಂದರೆ ಮಂಜು ಎಲ್ಲೂ ಹೋಗೋಲ್ಲ ಅಂತಲ್ಲ.
ನೆಲ ಬೆಚ್ಚಗಾಗಲಿ. ಜೇನಿನ ಕಡೆಯಿಂದ ನಮ್ಮ ಕಡೆಗೆ
ಕೆನ್ನೆಗೆ ತಿಳಿಯುವಷ್ಟು ಬೀಸಲಿ. ಅಲ್ಲಿಯವರೆಗೆ ಚಹಾ.

ಕಾಯುವಾಗ ಬರೀ ನೀರು ಬಿಟ್ಟು ನಾಝಲ್ ನೋಡಿದೆ.
ಏಳನೆಯದು ಬೀಸಣಿಗೆ ಬಿಚ್ಚದೆ ಉಗುಳುತ್ತಿತ್ತು.
ತಿರುಪಿ ತೆಗೆದು ತುಟಿಗೆ ಒಯ್ದೆ.
ಸ್ಟೋವಿಗೂ ಸೈಕಲ್ ವಾಲ್ವಿಗೂ ಊದಿ ಬೆಳೆದ ಬಾಯಿ ಇದು.
ಬೆವ್ ಕೂಗಲಿಲ್ಲ. ಮಣಿಕಟ್ಟು ಹಿಡಿದು
ಸವೆದ ಹಲ್ಲುಜ್ಜುವ ಬ್ರಷ್ಷೊಂದನ್ನು ಅಂಗೈಯಲ್ಲಿಟ್ಟಳು.
ಬಾಯಿ ಇರೋದು ಬೈಯೋದಕ್ಕೆ, ಅಂದಳು.

ಏಳೂ ಮುಕ್ಕಾಲಿಗೆ ಹೊಗೆ ಎದ್ದು ನಡೆಯಿತು.
ಮೊಣಕೈವರೆಗೆ ಗ್ಲೌಸು, ಮುಖಕ್ಕೆ ಮಾಸ್ಕು, ಕಣ್ಣಿಗೆ ಗಾಜು.
ಮೊದಲು ಅರ್ಧ ಟ್ಯಾಂಕು ನೀರು, ಆಮೇಲೆ ಔಷಧ,
ಒಂದು ಮುಚ್ಚಳ ನೀಲಿ ಬಣ್ಣ, ಮತ್ತೆ ನೀರು.
ಔಷಧ ಅನ್ನುತ್ತೇವೆ ನಾವು. ನಮ್ಮೂರಲ್ಲಿ ಎಣ್ಣೆ ಅಂತಲೂ.
ಇಲ್ಲಿ ಡಬ್ಬಿಯ ನೆತ್ತಿಯ ಮೇಲೇ ಬರೆದಿದೆ: ವಿಷ.

ಹನ್ನೊಂದನೆಯ ಗ್ರೀನಿನ ಹಿಂದೆ ಇಳಿಜಾರು.
ಅಡ್ಡ ಹೋಗಬೇಡ; ನೆಟ್ಟಗೆ ಹತ್ತು, ನೆಟ್ಟಗೆ ಇಳಿ, ಬೆಲ್ಟು ಬಿಚ್ಚಬೇಡ.
ತುಂಬಿದ ಕೊಡ ತುಳುಕುವುದಿಲ್ಲ, ಸರಿ,
ಅರ್ಧ ಖಾಲಿಯಾದ ಮುನ್ನೂರು ಲೀಟರು
ತಿರುವಿನಲ್ಲಿ ನಿನ್ನ ಬೆನ್ನ ಹಿಂದೆ ಎದ್ದು ನಿಲ್ಲುತ್ತದೆ,
ಬೀಳುವಾಗ ಒಂದೇ ಬೀಳುವುದಿಲ್ಲ.

ತಿರುಗಿ ನೋಡಿದರೆ ನೀಲಿ ಪಟ್ಟೆ, ಪಟ್ಟೆಯ ಪಕ್ಕ ಪಟ್ಟೆ,
ಎಲ್ಲಿ ತಪ್ಪಿದೆನೋ ಅಲ್ಲಿ ಬರೀ ಹಸಿರು.
ಹದಿಮೂರರ ಅಂಚಿನಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟಿತ್ತು.
ಸುತ್ತ ನಾಲ್ಕು ಗೂಟ ಹೊಡೆದು ಬಿಟ್ಟೆವು. ಅಷ್ಟು ಕಳೆ ಇರಲಿ.
ಯಾವಾಗ ಆಡಬಹುದು, ಬೋರ್ಡಿನಾಚೆಯಿಂದ ಸದಸ್ಯನೊಬ್ಬ.
ನೀಲಿ ಒಣಗಿದ ಮೇಲೆ.

ಮೂರು ಸಲ ಟ್ಯಾಂಕು ತೊಳೆದು,
ಗ್ಲೌಸನ್ನು ಕೈಯಲ್ಲಿರುವಾಗಲೇ ತೊಳೆದು, ಆಮೇಲೆ ಕಳಚಿ,
ಪುಸ್ತಕದಲ್ಲಿ ಗಾಳಿಯ ದಿಕ್ಕು ಬರೆದು, ಬಟ್ಟೆ ಬದಲಿಸಿ ಹೊರಟೆ.
ಕಾರಿನ ಕನ್ನಡಿಯಲ್ಲಿ ಕಂಡಿತು:
ಕಿವಿಯ ಕೆಳಗೆ ಒಂದು ನೀಲಿ ಚುಕ್ಕೆ.

ಗೇಟಿನಲ್ಲಿ ಮಲ್ಲವ್ವ. ಐದು ವರ್ಷ. ನಮ್ಮವ್ವನ ಹೆಸರು.
ಎರಡೂ ಕೈ ಚಾಚಿ ಓಡಿ ಬಂದಳು.
ಮುಟ್ಟಬೇಡ, ಅಂದೆ.

ಅಂದವನ ಗಂಟಲೇ ಕಟ್ಟಿತು.
ಈ ಮಾತು ಅಪ್ಪ ಕೇಳಿದ್ದ, ಹೋಟೆಲಿನ ಹೊರಗೆ ತೆಂಗಿನ ಚಿಪ್ಪು ಹಿಡಿದು.
ಅವನಪ್ಪ ಕೇಳಿದ್ದ, ಬಾವಿಯಿಂದ ಹತ್ತು ಮಾರು ದೂರ ನಿಂತು.
ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಇದನ್ನು ಹೇಳಿರಲಿಲ್ಲ.

ಯಾಕೆ?
ಚುಕ್ಕೆ ತೋರಿಸಿದೆ. ಇದು ನನ್ನದಲ್ಲ, ತೊಳೆದರೆ ಹೋಗ್ತದೆ.
ಎಷ್ಟು ಹೊತ್ತು?
ನೂರು ಎಣಿಸು.

ಬಚ್ಚಲ ಬಾಗಿಲಾಚೆ ಕೂತು ಗಟ್ಟಿಯಾಗಿ ಎಣಿಸಿದಳು,
ಇಪ್ಪತ್ತರವರೆಗೆ ಕನ್ನಡ, ಆಮೇಲೆ ಇಂಗ್ಲಿಷು.
ಅರವತ್ತೆಂಟು ಎರಡು ಸಲ ಬಂತು.
ನಾನು ಇನ್ನೂ ಉಜ್ಜುತ್ತಲೇ ಇದ್ದೆ.